ಸೋಲಾರ್ ಬೀದಿದೀಪದ ಲೆಕ್ಕ: ಮಾರ್ಚ್ ಬಿಡಿ, ಜುಲೈ ಹಿಡಿಯಿರಿ

ಕರೆಂಟ್ ಲೈನ್ ಮುಟ್ಟದ ಊರಿಗೆ ಸೋಲಾರ್ ಬೀದಿದೀಪ ಹಾಕಬೇಕು. ಪ್ಯಾನೆಲ್ ಎಷ್ಟು ವ್ಯಾಟ್? ಬ್ಯಾಟರಿ ಎಷ್ಟು ದೊಡ್ಡದು? ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಕಡೆ, ಕಾಲುಸಂಕದ ಪಕ್ಕ ಒಂದು ಕಂಬ ನಿಲ್ಲಿಸುತ್ತೇವೆ ಅಂದುಕೊಳ್ಳೋಣ. ಕಂಬದ ಎತ್ತರ, ವೈರಿಂಗ್ ಇಲ್ಲಿ ಬರೆದಿಲ್ಲ. ಅವು ಕಷ್ಟದವಲ್ಲ.

ರಾತ್ರಿಯ ಖರ್ಚು

12 ವ್ಯಾಟ್ ಎಲ್‌ಇಡಿ. ಜನ ಓಡಾಡುವ ಮೊದಲ 4 ಗಂಟೆ ಪೂರ್ತಿ ಬೆಳಕು: 48 ವ್ಯಾಟ್ ಅವರ್ (ವ್ಯಾಟ್ × ಗಂಟೆ; ಮುಂದೆ ಖರ್ಚು, ಗಳಿಕೆ ಎಲ್ಲ ಇದರಲ್ಲೇ). ಆಮೇಲೆ 8 ಗಂಟೆ 4 ವ್ಯಾಟ್‌ಗೆ ಇಳಿಸಿದರೆ 32. ಒಟ್ಟು 80. ಡ್ರೈವರ್ (ಎಲ್‌ಇಡಿಗೆ ಹದವಾಗಿ ಕರೆಂಟ್ ಕೊಡುವ ಸರ್ಕ್ಯೂಟ್), ಕಂಟ್ರೋಲರ್ (ಬ್ಯಾಟರಿ ಚಾರ್ಜ್ ನೋಡಿಕೊಳ್ಳುವ ಪೆಟ್ಟಿಗೆ), ಬ್ಯಾಟರಿ ನುಂಗುವುದನ್ನೂ ಸೇರಿಸಿ 100 ಅಂತ ಹಿಡಿಯಿರಿ. ಬೆಳಗಿನವರೆಗೂ ಪೂರ್ತಿ ಉರಿಸಿದರೆ ದೀಪಕ್ಕೇ 144 ಬೇಕು.

ಬ್ಯಾಟರಿ

ಬಿಸಿಲಿಲ್ಲದೆ 3 ದಿನ ತಡೆಯಬೇಕು: 300. ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ 80% ಮಾತ್ರ ಬಳಸಿದರೆ, ಅದರ ಅಳತೆ 375 ಇರಬೇಕು. ಅದನ್ನು 12.8 ವೋಲ್ಟ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 30 ಆಂಪಿಯರ್ ಅವರ್. ಮುಗೀತು.

ಪ್ಯಾನೆಲ್ (ತಲೆ ಕೆಡುವುದು ಇಲ್ಲಿ)

ಹಗಲು 12 ಗಂಟೆ ಇದೆ, ಆದರೆ ಲೆಕ್ಕಕ್ಕೆ 12 ಬರುವುದಿಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಸಿಗುವುದು ಚದರ ಮೀಟರ್‌ಗೆ 1000 ವ್ಯಾಟ್ ಬಿಸಿಲು ಬಿದ್ದಾಗ. ದಿನವಿಡೀ ಬಿದ್ದ ಬಿಸಿಲನ್ನೆಲ್ಲ ಒಟ್ಟು ಮಾಡಿ, ಅಂಥ ಖಡಕ್ ಬಿಸಿಲು ಎಷ್ಟು ಗಂಟೆಗೆ ಸಮ ಅಂತ ನೋಡಬೇಕು. ಬೇಸಿಗೆಯ ಬಳ್ಳಾರಿಗೆ 5 ಗಂಟೆ ಅಂತ ಧೈರ್ಯವಾಗಿ ಹಿಡಿಯಬಹುದು. ಜುಲೈನ ಮಲೆನಾಡಿಗೆ ನಾನು 2.5 ಹಿಡಿದಿದ್ದೇನೆ.

ಧೂಳು, ಪಾಚಿ, ಬಿಸಿಗೆ ಕಾಲು ಭಾಗ ಕಳೆಯಿರಿ. 55 ವ್ಯಾಟ್ ಪ್ಯಾನೆಲ್: 55 × 2.5 × 0.75 = 103. ನಮಗೆ ಬೇಕಾಗಿದ್ದು 100. ಸರಿಹೋಯ್ತು, ಅಲ್ವಾ?

ಇಲ್ಲ. ಮೂರು ದಿನ ದಟ್ಟ ಮೋಡ ಕವಿದು ಬ್ಯಾಟರಿ ಖಾಲಿಯಾಯಿತು ಅನ್ನಿ. ನಾಲ್ಕನೇ ದಿನ 103 ಬಂತು, ರಾತ್ರಿ 100 ಹೋಯಿತು. ಉಳಿದದ್ದು 3. ಹೋದ 300 ವಾಪಸ್ ತುಂಬಲು 100 ದಿನ ಬೇಕು! ಅಷ್ಟರಲ್ಲಿ ಮತ್ತೆ ಮೋಡ. "ಬ್ಯಾಟರಿ ಡಬಲ್ ಮಾಡಿ" ಅನ್ನುವವರಿದ್ದಾರೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುವಾಗ ಸಿಂಟೆಕ್ಸ್ ಟ್ಯಾಂಕ್ ದೊಡ್ಡದು ತಂದು ಏನು ಪ್ರಯೋಜನ?

75 ವ್ಯಾಟ್ ಹಾಕಿದರೆ 140 ಬರುತ್ತದೆ, ದಿನಕ್ಕೆ 40 ಉಳಿಯುತ್ತದೆ, ಏಳೆಂಟು ದಿನಕ್ಕೆ ಬ್ಯಾಟರಿ ಫುಲ್. 100 ವ್ಯಾಟ್ ಆದರೆ ಮೂರೂವರೆ ದಿನ ಸಾಕು. ಅದೇ ದೀಪ, ಅದೇ ಬ್ಯಾಟರಿಗೆ ಬೇಸಿಗೆಯ ಬಳ್ಳಾರಿಯಲ್ಲಿ 40 ವ್ಯಾಟ್‌ನಿಂದಲೇ 150 ಬರುತ್ತದೆ. ಇಡೀ ರಾಜ್ಯಕ್ಕೆ ಒಂದೇ ಅಳತೆಯ ಸೆಟ್ ಯಾಕೆ ಹೊಂದುವುದಿಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಇಳಿಜಾರು

ಪರದೇಶದ ಪುಸ್ತಕಗಳು ಡಿಸೆಂಬರ್ ಅನ್ನೇ ಕೆಟ್ಟ ತಿಂಗಳು ಅಂತ ಹಿಡಿದು, ಪ್ಯಾನೆಲ್ ಅನ್ನು ದಕ್ಷಿಣಕ್ಕೆ ಜಾಸ್ತಿ ಬಾಗಿಸಿ ಅನ್ನುತ್ತವೆ. ನಮಗದು ಉಲ್ಟಾ. ಸಾಗರ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ! ಮೇಲಾಗಿ ಮಳೆಗಾಲದ ಬೆಳಕು ಮೋಡದಲ್ಲಿ ಚದುರಿ ಇಡೀ ಆಕಾಶದಿಂದ ಬರುತ್ತದೆ. ಹಾಗಾಗಿ ಪ್ಯಾನೆಲ್ ಚಪ್ಪಟೆಯಾದಷ್ಟೂ ಜುಲೈಗೆ ಒಳ್ಳೆಯದು. ಪೂರ್ತಿ ಮಲಗಿಸಿದರೆ ನೀರು ನಿಂತು ಪಾಚಿ ಕಟ್ಟುತ್ತದೆ. 10 ಡಿಗ್ರಿ ಕೊಟ್ಟರೆ ಮಳೆಯೇ ತೊಳೆದುಕೊಂಡು ಹೋಗುತ್ತದೆ.

ನೆರಳು

ಪ್ಯಾನೆಲ್‌ನ ಸೆಲ್‌ಗಳು (ಕರೆಂಟ್ ಹುಟ್ಟಿಸುವ ಚಿಕ್ಕ ಚಿಕ್ಕ ಬಿಲ್ಲೆಗಳು) ಸರಣಿಯಲ್ಲಿವೆ, ಅಂದರೆ ಒಂದರ ಕರೆಂಟ್ ಇನ್ನೊಂದನ್ನು ದಾಟಿಯೇ ಹೋಗಬೇಕು. ಒಂದು ಅಡಿಕೆ ಸೋಗೆ ನಾಲ್ಕು ಸೆಲ್ ಮುಚ್ಚಿದರೂ ಆ ನಾಲ್ಕರದ್ದಷ್ಟೇ ಹೋಗುವುದಿಲ್ಲ, ಆ ಸಾಲಿನದ್ದೆಲ್ಲ ಕುಸಿಯುತ್ತದೆ. ದೀಪ ಮರದ ಕೆಳಗೇ ಬೇಕು ಅಂತಾದರೆ ಪ್ಯಾನೆಲ್ ಬೇರೆಯಾಗಿರುವ ಸೆಟ್ ತೆಗೆದುಕೊಂಡು, ಅದನ್ನು ಹತ್ತಿರದ ಬಯಲಲ್ಲಿ ಇನ್ನೊಂದು ಕಂಬಕ್ಕೆ ಹಾಕಿ, ದಪ್ಪ ಕೇಬಲ್ ಎಳೆಯಿರಿ. ದೀಪದ ತಲೆಯ ಮೇಲೇ ಪ್ಯಾನೆಲ್ ಕೂತ ಸೆಟ್‌ನಲ್ಲಿ ಈ ಅನುಕೂಲ ಇಲ್ಲ.