ಹಲಸಿನ ಕಪಾಟು ಅಡುಗೆಮನೆಗೆ ಹೊಂದಬೇಕಾದರೆ: ಪಾಲಿಶ್ ಕಲಿಯುವವರಿಗೆ ಟಿಪ್ಪಣಿ

ಕೊಡಗಿನಲ್ಲಿ ಮರಗೆಲಸ ಕಲಿಯುವವರಿಗೆ ಈ ಕೆಲಸ ಬಂದೇ ಬರುತ್ತದೆ. ಹಳೇ ಹಲಸಿನ ಕಪಾಟು ಅಡುಗೆಮನೆಗೆ ಬರಬೇಕು, ಅಲ್ಲಿನ ತೇಗದ ಬಾಗಿಲುಗಳಿಗೆ ಹೊಂದಬೇಕು. ಎಲ್ಲರೂ ಮೊದಲು ಸ್ಟೇನ್, ಅಂದರೆ ಮರಕ್ಕೆ ಬಣ್ಣ ಹಿಡಿಸುವ ದ್ರವದ ಡಬ್ಬಿ ಹುಡುಕುತ್ತಾರೆ. ಅದಕ್ಕಿಂತ ಮೊದಲು, ಮರದ ಮೇಲೆ ಈಗ ಏನಿದೆ ಅಂತ ನೋಡಬೇಕು.

ಕಣ್ಣಿಗೆ ಬೀಳದ ಕಡೆ ಒಂದು ಹನಿ ಸ್ಪಿರಿಟ್ ಬಿಡಿ. ಸ್ವಲ್ಪ ಹೊತ್ತಿಗೆ ಬೆರಳಿಟ್ಟು ನೋಡಿ. ಅಂಟಿದರೆ ಅರಗಿನ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ಗೆ ಕರಗಿದರೆ ಲ್ಯಾಕರ್ ಅನ್ನುವ ಬೇಗ ಆರುವ ಪಾಲಿಶ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಅನ್ನುವ ಗಟ್ಟಿ ಪಾಲಿಶ್ ಇರಬಹುದು. ಮಾಮೂಲಿ ಅರಗಿನಲ್ಲಿ ಮೇಣ ಇರುತ್ತದೆ, ಅದರ ಮೇಲೆ ಪಿಯು ಗಟ್ಟಿಯಾಗಿ ಕೂರುವುದಿಲ್ಲ. ಅರಗನ್ನೇ ಉಳಿಸಿಕೊಂಡರೆ ಬಿಸಿ ಪಾತ್ರೆ ಇಟ್ಟಲ್ಲಿ, ನೀರು ನಿಂತಲ್ಲಿ ಬಿಳಿ ಕಲೆ. ಅಡುಗೆಮನೆಗಾದರೆ ಅರಗು ಪೂರ್ತಿ ತೆಗೆದು ಪಿಯು ಕೊಡುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಉಜ್ಜುವ ಮೊದಲು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಜಿಡ್ಡು ಒರೆಸಿ, ಒಣಗಿಸಿ. ಆಮೇಲೆ 120, 180, 220 ನಂಬರಿನ ಪೇಪರ್, ಮರದ ಎಳೆ ಹೋದ ಕಡೆಗೇ.

ಈಗ ಬಣ್ಣ. ಉಜ್ಜಿದ ಹಲಸು ಅರಿಶಿನದ ಹಾಗೆ ಹಳದಿ, ಬೆಳಕು ಬಿದ್ದಂತೆಲ್ಲ ಕಂದು. ಕಪಾಟಿನ ಬಾಗಿಲಿನ ಹಿಂಜ್ ಬಿಚ್ಚಿದರೆ ಗೊತ್ತಾಗುತ್ತದೆ: ಅದರ ಅಡಿಯಲ್ಲಿ ಮರ ಇನ್ನೂ ತಿಳಿಯಾಗೇ ಇರುತ್ತದೆ. ಹಾಗಾಗಿ ಸ್ಟೇನನ್ನು ತೇಗಕ್ಕಿಂತ ಒಂದು ಚೂರು ತಿಳಿಯಾಗಿ ಹಿಡಿಯಿರಿ. ಮಾದರಿಯನ್ನು ಬೇರೆ ಮರದ ತುಂಡಿನ ಮೇಲೆ ಮಾಡಬೇಡಿ. ಕಪಾಟಿನದೇ ಒಳಹಲಗೆ ಬಿಚ್ಚಿ, ಸ್ಟೇನ್ ಮೇಲೆ ಪಿಯು ಕೋಟ್ ಕೂಡ ಕೊಟ್ಟು, ಅಡುಗೆಮನೆಯ ಬಾಗಿಲ ಪಕ್ಕ ಹಿಡಿದು ನೋಡಿ. ಹಗಲಲ್ಲೂ ನೋಡಿ, ರಾತ್ರಿ ಲೈಟಿನಲ್ಲೂ ನೋಡಿ. ಹೊಳಪು ಹೆಚ್ಚುಕಮ್ಮಿ ಆದರೆ ಒಂದೇ ಬಣ್ಣ ಎರಡಾಗಿ ಕಾಣುತ್ತದೆ, ಅಲ್ವಾ?

ಮಡಿಕೇರಿ ಕಡೆಯ ಮಳೆಯಲ್ಲಿ, ಅದರಲ್ಲೂ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು), ಈ ಕೆಲಸಕ್ಕೆ ಕೈ ಹಾಕಬೇಡಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಲ್ಯಾಕರ್ ಬೆಳ್ಳಗಾಗುತ್ತದೆ. ಎರಡು ಡಬ್ಬಿ ಬೆರೆಸುವ ಪಿಯು ಆದರೆ ಅದರ ಹಾರ್ಡನರ್ (ಗಟ್ಟಿಯಾಗಿಸುವ ಡಬ್ಬಿ) ತೇವದ ಜೊತೆ ಸೇರಿ ಗುಳ್ಳೆ ಎಬ್ಬಿಸುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆ ಸಮಯ. ಕಿಟಕಿ ತೆಗೆದಿರಲಿ, ಹತ್ತಿರ ಒಲೆ ಉರಿಯದಿರಲಿ.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತು ಅಂತ ತಕ್ಷಣ ಕೀಸುಳಿ ಹಿಡಿಯಬೇಡಿ. ಬೇಸಿಗೆಗೆ ಸಂದು ಬೀಳುತ್ತದೆ. ಬಾಗಿಲಿನ ಹೊರಮೈಗೆ ಎಷ್ಟು ಕೋಟೋ ಒಳಮೈಗೂ ಅಂಚಿಗೂ ಅಷ್ಟೇ ಕೊಡಿ. ಒಂದೇ ಕಡೆ ಬಳಿದರೆ ಇನ್ನೊಂದು ಕಡೆ ತೇವ ಹೀರಿ ಹಲಗೆ ಬಾಗುತ್ತದೆ.