‘ಲೋಗೊಸ್’ ಎಂಬ ಪದಕ್ಕೆ ಎಷ್ಟು ಬೈಟು?

ಗ್ರೀಕ್‌ನ ‘ಲೋಗೊಸ್’ ಪದದಲ್ಲಿರುವುದು ಐದೇ ಅಕ್ಷರ. ಎರಡನೆಯದಾದ ಓಮಿಕ್ರಾನ್‌ನ ನೆತ್ತಿಯ ಮೇಲೆ ಒಂದು ಓರೆಗೆರೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದರೆ ಇದು 10 ಬೈಟೂ ಆಗಬಹುದು, 11 ಇಲ್ಲವೇ 12 ಕೂಡ. ತೆರೆಯ ಮೇಲೆ ಮೂರೂ ಒಂದೇ ತರಹ. ಬೈಟುಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಇವು ಮೂರು ಬೇರೆ ಪದಗಳು. ಒಂದನ್ನು ಹುಡುಕಿದರೆ ಉಳಿದೆರಡು ಸಿಗುವುದೇ ಇಲ್ಲ.

ಕಾರಣ ಆ ಗೆರೆಯಲ್ಲಿದೆ. ಗ್ರೀಸ್ 1982ರಲ್ಲಿ ಹಳೆಯ ಸ್ವರಚಿಹ್ನೆಗಳನ್ನೆಲ್ಲ ಬಿಟ್ಟು ಒಂದೇ ಚಿಹ್ನೆಗೆ ಇಳಿಯಿತು. ಅದರ ಹೆಸರು ಟೋನೊಸ್. ಯುನಿಕೋಡ್‌ನಲ್ಲಿ ಟೋನೊಸ್ ಹೊತ್ತ ಓಮಿಕ್ರಾನ್‌ಗೆ 03ಸಿಸಿ ಎಂಬ ಸಂಕೇತ, ಎರಡು ಬೈಟು. ಪ್ರಾಚೀನ ಪಠ್ಯಕ್ಕೆಂದು 1993ರಲ್ಲಿ ಸೇರಿದ ವಿಸ್ತೃತ ಗ್ರೀಕ್ ವಿಭಾಗದಲ್ಲಿ ಅದೇ ಅಕ್ಷರ ‘ಒಕ್ಸಿಯ’ ಎಂಬ ಹಳೆಯ ಏರುಸ್ವರ ಚಿಹ್ನೆಯೊಂದಿಗೆ 1ಎಫ್79 ಆಗಿದೆ, ಮೂರು ಬೈಟು. ಬರಿಯ ಓಮಿಕ್ರಾನ್ ಬರೆದು ಮುಂದೆ ಹಿಂದಿನ ಅಕ್ಷರದ ಮೇಲೆ ಕೂರುವ 0301 ಎಂಬ ಕೂಡುಚಿಹ್ನೆ ಇಟ್ಟರೆ ನಾಲ್ಕು. ಕನ್ನಡದ ‘ಕೊ’ದಲ್ಲಿರುವ ಒತ್ವವನ್ನೂ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಉಕಾರದ ಚಿಹ್ನೆಗಳ ಜೋಡಿಯಾಗಿ ಉಳಿಸಬಹುದು, ತೊಂದರೆ ಅದೇ.

ಇದಕ್ಕೂ ಹಿಂದೆ ಗ್ರೀಕನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಬೀಟಾ ಕೋಡ್ ಇತ್ತು. ಡೇವಿಡ್ ಪ್ಯಾಕರ್ಡ್ ರೂಪಿಸಿದ ಇದನ್ನು ಅರ್ವೈನ್‌ನ ಗ್ರೀಕ್ ಪಠ್ಯಕೋಶ ‘ಥೆಸಾರಸ್ ಲಿಂಗ್ವೆ ಗ್ರೇಕೆ’ ಬಳಸಿತು. ರೋಮನ್ ಅಕ್ಷರದ ನಂತರ / ಇಟ್ಟರೆ ಏರುಸ್ವರ, ( ಇಟ್ಟರೆ ಹಕಾರದ ಉಸಿರು. ಕೀಲಿಮಣೆಯಲ್ಲಿ ಹೊಡೆಯಲು ಇದು ಈಗಲೂ ಚೆನ್ನ, ಉಳಿಸಲು ಬೇಡ: ಇಂಗ್ಲಿಷ್ ಬೆರೆತ ಕಡತದಲ್ಲಿ ಗ್ರೀಕ್ ಎಲ್ಲಿ ಮುಗಿಯಿತೆಂದು ಪ್ರತ್ಯೇಕ ಗುರುತಿಲ್ಲದೆ ತಿಳಿಯದು. ಐಎಸ್‌ಒ 8859-7 ಎಂಬ ಹಳೆಯ ಗ್ರೀಕ್ ಸಂಕೇತಪಟ್ಟಿಯಲ್ಲಿ ಉಸಿರುಚಿಹ್ನೆ ಹೊತ್ತ ಅಕ್ಷರಗಳೇ ಇಲ್ಲ.

ಹಾಗಾಗಿ ಯುಟಿಎಫ್-8 ಹಿಡಿಯಿರಿ. ಆದರೆ ಕೆಲಸ ಅಲ್ಲಿಗೆ ಮುಗಿಯದು. ಒಳಬರುವ ಪ್ರತಿ ಪಠ್ಯವನ್ನೂ ಬಾಗಿಲಲ್ಲೇ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಅಕ್ಷರ ಮತ್ತು ಚಿಹ್ನೆಗಳನ್ನು ಸಾಧ್ಯವಾದಷ್ಟು ಕೂಡಿಸಿದ ಯುನಿಕೋಡ್‌ನ ಪ್ರಮಾಣಿತ ರೂಪಕ್ಕೆ ತನ್ನಿ. ಮೂರು ‘ಲೋಗೊಸ್’ಗಳೂ 10 ಬೈಟಿನ ಒಂದೇ ಪದವಾಗುತ್ತವೆ. ಬಳಕೆದಾರರು ಹುಡುಕಲು ಹೊಡೆದ ಪದಕ್ಕೂ ಇದೇ ಸಂಸ್ಕಾರ ಬೇಕು. ಟೋನೊಸನ್ನು ನೆಟ್ಟಗೆ, ಒಕ್ಸಿಯವನ್ನು ಓರೆಯಾಗಿ ಬಿಡಿಸುವ ಹಳೆಯ ಫಾಂಟ್‌ಗಳಲ್ಲಿ ಈಗ ಗೆರೆ ನೆಟ್ಟಗಾದೀತು. ಆಗ ಬದಲಿಸಬೇಕಾದ್ದು ಫಾಂಟನ್ನು, ಪಠ್ಯವನ್ನಲ್ಲ. ಎನ್‌ಎಫ್‌ಸಿಯಾದರೂ ಒಂದು ಅಕ್ಷರಕ್ಕೆ ಒಂದೇ ಸಂಕೇತ ಎಂದು ನಂಬಬೇಡಿ. ದೀರ್ಘಗೆರೆಯೂ ಏರುಸ್ವರವೂ ಇರುವ ಆಲ್ಫಾಕ್ಕೆ ಒಂಟಿ ಸಂಕೇತವಿಲ್ಲ.

ಚಿಹ್ನೆ ಹಾಕದೆ ಹುಡುಕುವವರಿಗೆ ಬೇರೆ ಸೂಚಿ ಕಟ್ಟಬೇಕು: ಎನ್‌ಎಫ್‌ಡಿಗೆ (ಅಕ್ಷರ, ಚಿಹ್ನೆ ಬೇರೆಯಾಗುವ ರೂಪ) ಬಿಡಿಸಿ, ಕೂಡುಚಿಹ್ನೆ ಅಳಿಸಿ, ಕೇಸ್‌ಫೋಲ್ಡ್ ಮಾಡಿ (ದೊಡ್ಡ, ಸಣ್ಣ ಅಕ್ಷರಗಳ ಭೇದ ತೆಗೆಯಿರಿ). ಪದಾಂತ್ಯದ ಸಿಗ್ಮಾ ಸಾಮಾನ್ಯ ಸಿಗ್ಮಾ ಆಗುವುದು ಈ ಕೊನೆಯ ಹೆಜ್ಜೆಯಲ್ಲಿ. ಕ್ರಮ ತಿರುವುಮುರುವಾದರೆ ಫಲ ಬೇರೆ. ಕೇಸ್‌ಫೋಲ್ಡ್ ಮೊದಲಾದರೆ ಅಕ್ಷರದಡಿಯ ಪುಟ್ಟ ಅಯೋಟ, ಅಂದರೆ 0345, ಪೂರ್ಣ ಅಯೋಟವಾಗಿ ಪಕ್ಕಕ್ಕೆ ಬಂದು ಕೂರುತ್ತದೆ. ಚಿಹ್ನೆ ಮೊದಲು ಅಳಿಸಿದರೆ ಅದೇ ಮಾಯ. ಅಯೋಟವನ್ನು ಪಕ್ಕದಲ್ಲೇ ಬರೆಯುವ ಶಾಸನ ಪಠ್ಯಗಳಿಗೆ ಮೊದಲನೆಯದು ಹೊಂದುತ್ತದೆ, ಉಳಿದವಕ್ಕೆ ಎರಡನೆಯದೇ ವಾಸಿ. ಮೂಲ ಪದವನ್ನೂ ಸೂಚಿಯ ಪಕ್ಕದಲ್ಲಿ ಇಟ್ಟಿರಬೇಕು, ಏಕೆಂದರೆ ಉಸಿರುಚಿಹ್ನೆ ಹೋದ ಮೇಲೆ ಗಡಿ ಎಂಬರ್ಥದ ‘ಹೊರೊಸ್’, ಬೆಟ್ಟ ಎಂಬರ್ಥದ ‘ಒರೊಸ್’ ಎರಡೂ ಒಂದೇ.

ಎನ್‌ಎಫ್‌ಸಿ ಗ್ರೀಕ್ ಪ್ರಶ್ನಾರ್ಥಕವನ್ನು ಸಾಮಾನ್ಯ ಅರ್ಧವಿರಾಮಕ್ಕೆ ಬದಲಿಸುತ್ತದೆ. ಅರ್ಧವಿರಾಮದಿಂದ ಕಾಲಂ ಬೇರ್ಪಡಿಸುವ ಕಡತವಾದರೆ ಸಾಕ್ರಟೀಸನ ಪ್ರತಿ ಪ್ರಶ್ನೆಯಲ್ಲೂ ಸಾಲು ಒಡೆಯುತ್ತದೆ. ಅಂಥಲ್ಲಿ ಟ್ಯಾಬ್ ಬಳಸಿ.