ದಿನಾ ಹಾಲು ಕುಡಿದರೆ ಲ್ಯಾಕ್ಟೋಫೆರಿನ್ ಸಿಗುವುದಿಲ್ವಾ?

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ಮಗಳು ಐದು ತಿಂಗಳ ಬಸುರಿ, ಹಿಮೋಗ್ಲೋಬಿನ್ ಕಮ್ಮಿ. ಡಾಕ್ಟರು ಬರೆದ ಮಾತ್ರೆಯಲ್ಲಿ ಲ್ಯಾಕ್ಟೋಫೆರಿನ್ ಇದೆ, ಹಾಲಿನದ್ದೇ ಅಂತೆ. ಎರಡು ಲೋಟ ಹಾಲು ಕುಡಿದರೆ ಸಾಕಲ್ವಾ?"

ಸಾಕಾಗುವುದಿಲ್ಲ ಮಾರಾಯ್ರೆ.

ಲ್ಯಾಕ್ಟೋಫೆರಿನ್ ಅಂದರೆ ಹಾಲು ಒಡೆದಾಗ ನೀರಿನ ಪಾಲಾಗುವ ಪ್ರೋಟೀನು. ಬೇರೆ ಮಾಡಿ ಒಣಗಿಸಿದರೆ ತೆಳು ಗುಲಾಬಿ ಬಣ್ಣದ ಪುಡಿ. ಹಸುವಿನ ಹಾಲಿನಲ್ಲಿ ಲೀಟರಿಗೆ ಸುಮಾರು 100 ಮಿಲಿಗ್ರಾಂ ಇದ್ದೀತು. ಡೇರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡು ಕಾಯಿಸಿದರೆ ಬಹುಪಾಲು ತಾಳಿಕೊಳ್ಳುತ್ತದೆ. ಆದರೆ ನಾವು ಸುಮ್ನೆ ಬಿಡ್ತೇವಾ? ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ಜು ತಣ್ಣಗಿಲ್ಲ ಅಂತ ರಾತ್ರಿ ಮತ್ತೊಮ್ಮೆ ಉಕ್ಕಿಸುತ್ತೇವೆ. ಅಷ್ಟು ಕುದಿಸಿದರೆ ಅದು ಕೆಟ್ಟೇ ಹೋಗುತ್ತದೆ. ಹಾಗಂತ ಹಸಿ ಹಾಲು ಕುಡಿಸಬೇಡಿ, ಬಸುರಿಗೆ ಅಪಾಯ. ಗಿಣ್ಣುಹಾಲಿನಲ್ಲಿ ಜಾಸ್ತಿ ಇರುವುದು ನಿಜ. ಆದರೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟಾಗ ಗಿಣ್ಣು ಗಟ್ಟಿಯಾಗುವುದೇ ಇಂಥ ಪ್ರೋಟೀನುಗಳು ಬಿಸಿಗೆ ಕೆಟ್ಟು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ.

ಹೆಸರಿನ 'ಫೆರಿನ್' ನೋಡಿ ಇದರಲ್ಲಿ ಕಬ್ಬಿಣ ತುಂಬಿದೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ: ಇದರ ಒಂದು ಅಣು ಹಿಡಿಯುವುದು ಕಬ್ಬಿಣದ ಎರಡೇ ಪರಮಾಣು, ಅಂದರೆ 100 ಮಿಲಿಗ್ರಾಂ ಪುಡಿ ಹೊರುವುದು ಹೆಚ್ಚೆಂದರೆ 0.14 ಮಿಲಿಗ್ರಾಂ. ಬಸುರಿಯರಿಗೆ ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ!

ಮತ್ತೆ ಡಾಕ್ಟರು ಯಾಕೆ ಬರೆಯುತ್ತಾರೆ? ಮೈಯಲ್ಲಿ ಉರಿಯೂತ ಇದ್ದರೆ ಲಿವರು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ಬಾಗಿಲನ್ನೇ ಮುಚ್ಚಿಬಿಡುತ್ತದೆ, ಆಮೇಲೆ ಎಷ್ಟು ಕಬ್ಬಿಣ ನುಂಗಿದರೂ ಅಷ್ಟಕ್ಕಷ್ಟೆ. ಲ್ಯಾಕ್ಟೋಫೆರಿನ್ ಆ ಉರಿಯೂತವನ್ನು ತಗ್ಗಿಸಿ ಬಾಗಿಲು ಸಡಿಲ ಮಾಡುತ್ತದೆ ಎಂಬುದು ಸಂಶೋಧಕರು ಕೊಡುವ ವಿವರಣೆ. ಇಟಲಿಯಲ್ಲಿ ಬಸುರಿಯರಿಗೆ 100 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಟ್ಟು ನೋಡಿದ್ದಾರೆ, ಹಿಮೋಗ್ಲೋಬಿನ್ ಏರಿದೆ, ಹೊಟ್ಟೆಯ ತೊಂದರೆಯೂ ಕಮ್ಮಿ. ಹಾಗಂತ ಕಬ್ಬಿಣದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎಷ್ಟೋ ಮಾತ್ರೆಗಳಲ್ಲಿ ಎರಡೂ ಸೇರಿರುತ್ತವೆ, ಸ್ಟ್ರಿಪ್ಪಿನ ಹಿಂಬದಿ ಓದಿ ಡಾಕ್ಟರನ್ನೇ ಕೇಳಿ.

ಅಸಲಿಗೆ ಇದು ಕಬ್ಬಿಣ ಕೊಡುವುದಕ್ಕಿಂತ ಕಸಿಯುವ ಪ್ರೋಟೀನು. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು, ಇದು ಮೊದಲೇ ಅದನ್ನು ಎತ್ತಿಕೊಂಡು ಅವನ್ನು ಉಪವಾಸ ಕೆಡವುತ್ತದೆ. ನಮ್ಮ ಕಣ್ಣೀರಿನಲ್ಲಿ, ಎಂಜಲಿನಲ್ಲಿಯೂ ಇದೆ. ಎಲ್ಲಕ್ಕಿಂತ ಜಾಸ್ತಿ ಇರುವುದು ಬಾಣಂತಿಯ ಮೊದಲ ಹಳದಿ ಹಾಲಿನಲ್ಲಿ, ಲೀಟರಿಗೆ 5 ಗ್ರಾಂ ಆಸುಪಾಸು. ನಾಲ್ಕು ತಿಂಗಳು ಕಳೆದು ಮಗು ಬಂದಾಗ, ಮನೆಯ ಹಿರಿಯರು ಯಾರಾದರೂ ಆ ಹಾಲನ್ನು ಹಿಂಡಿ ಚೆಲ್ಲು ಅಂದರೆ ಒಪ್ಪಬೇಡಿ.